ಕಾರಣ ಹೇಳಬೇಕಾಗಿಲ್ಲ

ಮಂಗಳವಾರ ಸಂಜೆ 5 ಗಂಟೆಗೆ ಕಾಲೇಜಿನ ಪಾರ್ಕಿಂಗ್ ಲಾಟ್‌ನಲ್ಲಿ ಕಾರು ನಿಲ್ಲಿಸಿದೆ. 6 ಗಂಟೆಗೆ ತ್ರಿಕೋನಮಿತಿಯ ಎರಡನೇ ಟೆಸ್ಟ್ ಇತ್ತು. ಒಂದು ಗಂಟೆ ಮುಂಚೆ ಬಂದು, ಕಾರಲ್ಲೇ ಕೂತು ಎಲ್ಲವನ್ನೂ ಇನ್ನೊಮ್ಮೆ ತಿರುವಿ ಹಾಕುವುದು ನನ್ನ ರೂಢಿ. ಯೂನಿಟ್ ಸರ್ಕಲ್ ಬರೆದುಕೊಂಡ ಹಾಳೆ ತೊಡೆಯ ಮೇಲಿತ್ತು. ಅಷ್ಟರಲ್ಲಿ ತಮ್ಮನ ಫೋನ್ ಬಂತು. ಇಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಸಂಜೆ 5 ಅಂದರೆ ಈಗ ದಾವಣಗೆರೆಯಲ್ಲಿ ಬೆಳಗಿನ ಐದೂವರೆ. ಆ ಹೊತ್ತಿನಲ್ಲಿ ಊರಿಂದ ಯಾರೂ ಸುಮ್ನೆ ಫೋನ್ ಮಾಡುವುದಿಲ್ಲ.

ಅಮ್ಮ ಬಚ್ಚಲಲ್ಲಿ ಜಾರಿ ಬಿದ್ದಿದ್ದಳು. ಬಲಗೈ ಊದಿಕೊಂಡಿದೆ, ಸೊಂಟ ನೋವು ಅಂತಿದ್ದಾಳೆ, ಆಂಬುಲೆನ್ಸ್ ಬರ್ತಾ ಇದೆ ಅಂದ ತಮ್ಮ. ಸೊಂಟ ಅಂದ ಕೂಡಲೇ ನನ್ನ ಕೈಕಾಲು ತಣ್ಣಗಾದವು. ಎಪ್ಪತ್ತು ದಾಟಿದವರ ಸೊಂಟದ ಮೂಳೆ ಮುರಿದರೆ ಏನಾಗುತ್ತೆ ಅಂತ ನಮ್ಮ ಮನೆಯಲ್ಲೇ ನೋಡಿದ್ದೇನೆ. ಎಕ್ಸ್‌ರೇ ಆಗುವವರೆಗೆ ಅವನು ಫೋನ್ ಕಟ್ ಮಾಡಲಿಲ್ಲ, ನಾನೂ ಮಾಡಲಿಲ್ಲ. ಎದುರಿಗೇ ಎರಡನೇ ಮಹಡಿಯಲ್ಲಿ ನಮ್ಮ ಕ್ಲಾಸಿನ ಕಿಟಕಿ. ಒಬ್ಬೊಬ್ಬರೇ ಒಳಗೆ ಹೋಗುತ್ತಿದ್ದುದು ಕಾಣುತ್ತಿತ್ತು. 6 ಆಯಿತು. ಕಾಲುಗಂಟೆ ದಾಟಿದ ಮೇಲೆ ಒಳಗೆ ಬಿಡುವುದಿಲ್ಲ ಅಂತ ಗೊತ್ತಿತ್ತು. ಅದೂ ಆಯಿತು. ಆರೂವರೆ ಹೊತ್ತಿಗೆ ತಮ್ಮ ಹೇಳಿದ, ಸೊಂಟಕ್ಕೆ ಏನೂ ಆಗಿಲ್ಲ, ಮಣಿಕಟ್ಟು ಮಾತ್ರ ಮುರಿದಿದೆ, ಪ್ಲಾಸ್ಟರ್ ಹಾಕ್ತಾರೆ. ಸ್ಟೀರಿಂಗ್ ಮೇಲೆ ತಲೆ ಇಟ್ಟು ಅತ್ತುಬಿಟ್ಟೆ. ಆಮೇಲೆ ಮನೆಗೆ ಹೋದೆ.

ಇದಲ್ಲ ನಾನು ಬರೆಯಬೇಕೆಂದಿದ್ದು. ಗುರುವಾರ ನಡೆದದ್ದು.

ಗುರುವಾರ ಕ್ಲಾಸಿಗೆ ಮುಂಚೆ ಪ್ರೊಫೆಸರ್ ಅವರ ಆಫೀಸ್ ಅವರ್ ಇರುತ್ತೆ, ಅಂದರೆ ವಿದ್ಯಾರ್ಥಿಗಳು ಹೋಗಿ ಮಾತಾಡುವ ಹೊತ್ತು. ಬಾಗಿಲು ತೆರೆದೇ ಇತ್ತು. ದಾರಿಯುದ್ದಕ್ಕೂ ಏನು ಹೇಳಬೇಕು ಅಂತ ಮನಸ್ಸಲ್ಲೇ ಜೋಡಿಸಿಕೊಂಡು ಬಂದಿದ್ದೆ. ಪ್ಲಾಸ್ಟರ್ ಹಾಕಿದ ಅಮ್ಮನ ಫೋಟೋ, ಆಸ್ಪತ್ರೆಯ ಚೀಟಿ, ತಮ್ಮನ ಕಾಲ್ ಬಂದ ಸಮಯ, ಎಲ್ಲವೂ ಫೋನಿನಲ್ಲಿ ರೆಡಿ ಇತ್ತು. "ಮಂಗಳವಾರ ನಾನು ಟೆಸ್ಟಿಗೆ ಬರಲಾಗಲಿಲ್ಲ, ಯಾಕೆಂದರೆ ನಮ್ಮ ತಾಯಿ" ಅನ್ನುವಷ್ಟರಲ್ಲಿ ಅವರು ಅಂಗೈ ಎತ್ತಿದರು. ಸಿಟ್ಟಿನಿಂದಲ್ಲ. ಮೆಲ್ಲಗೆ.

"ಕಾರಣ ಹೇಳಬೇಕಾಗಿಲ್ಲ. ಒಂದು ಟೆಸ್ಟ್ ತಪ್ಪಿದರೆ ಫೈನಲ್‌ನಲ್ಲಿ ಬಂದ ಪರ್ಸೆಂಟೇಜ್ ಅದರ ಜಾಗಕ್ಕೆ ಬರುತ್ತೆ. ಸಿಲಬಸ್‌ನ ಮೂರನೇ ಪುಟದಲ್ಲಿದೆ. ನಿಮ್ಮದು ಮೊದಲನೇ ಸಲ. ಬೇರೆ ಏನಾದರೂ ಕೇಳೋದಿದೆಯಾ?"

ಇಷ್ಟೇ. ಫೋನು ಕೈಯಲ್ಲೇ ಇತ್ತು. ಅಮ್ಮನ ಫೋಟೋ ಸ್ಕ್ರೀನ್ ಮೇಲೇ ಇತ್ತು. ಇಲ್ಲ ಅಂತ ತಲೆಯಾಡಿಸಿ ಅದನ್ನು ಜೇಬಿಗೆ ಹಾಕಿಕೊಂಡು ಹೊರಗೆ ಬಂದೆ.

ಆ ಕ್ಷಣಕ್ಕೆ ತುಂಬಾ ನೋವಾಯಿತು. ಅಮ್ಮ ಅನ್ನೋ ಮಾತು ಬಾಯಿಗೆ ಬಂದ ಮೇಲೂ ತಡೀಬಹುದಾ? ಹೇಗಿದ್ದಾರೆ ಅಂತ ಒಂದು ಮಾತು ಕೇಳಬಾರದಾ? ರಾತ್ರಿ ನನ್ನ ಗಂಡ, "ಇಲ್ಲಿಯವರು ಹಾಗೇ ಬಿಡು, ಎಲ್ಲಾ ರೂಲು" ಅಂದರು. ಅವರು ಒಳ್ಳೆಯವರು. ಆದರೆ ಯಾವುದಕ್ಕಾದರೂ ಮನಸ್ಸಿಗೆ ಬೇಜಾರಾದರೆ ಅದನ್ನು ಇಡೀ ದೇಶದ ತಲೆಗೆ ಕಟ್ಟಿ ಮುಗಿಸಿಬಿಡುತ್ತಾರೆ. ನನಗೆ ಹಾಗೆ ಮುಗಿಯುವುದಿಲ್ಲ. ಮಲಗಿದ ಮೇಲೂ ಅದೇ ಅಂಗೈ, ಅದೇ ಮಾತು. ಕಾರಣ ಹೇಳಬೇಕಾಗಿಲ್ಲ.

ಈ ಪ್ರೊಫೆಸರ್ ಬಗ್ಗೆ ಸ್ವಲ್ಪ ಹೇಳಬೇಕು. ಅರವತ್ತು ದಾಟಿರಬಹುದು. ಬಿಳಿ ಕೂದಲು, ಕ್ಯಾನ್ವಾಸ್ ಶೂ. ಬೋರ್ಡಿನ ಮೇಲೆ ಕೈಯಿಂದಲೇ ವೃತ್ತ ಎಳೆದರೆ ಕೈವಾರದಲ್ಲಿ ಎಳೆದ ಹಾಗಿರುತ್ತೆ. ಮೊದಲ ದಿನ ಪಾಠವನ್ನೇ ಮಾಡಲಿಲ್ಲ. ಏಳು ಪುಟದ ಸಿಲಬಸ್ ಹಂಚಿ ಸಾಲು ಸಾಲಾಗಿ ಓದಿದರು. ನಾಲ್ಕು ಟೆಸ್ಟ್, ಒಂದು ಫೈನಲ್. ಯಾವುದಕ್ಕೆ ಎಷ್ಟು ಅಂಕ. 90ಕ್ಕೆ ಎ, 80ಕ್ಕೆ ಬಿ, 70ಕ್ಕೆ ಸಿ. ಗ್ರಾಫ್ ಬಿಡಿಸುವ ಕ್ಯಾಲ್ಕುಲೇಟರ್ ಟೆಸ್ಟಿಗೆ ತರುವ ಹಾಗಿಲ್ಲ, ಸಾದಾ ಸೈಂಟಿಫಿಕ್ ಸಾಕು. ಉತ್ತರ ಸರಿಯಿದ್ದರೂ ಹೆಜ್ಜೆ ತೋರಿಸದಿದ್ದರೆ ಅಂಕ ಇಲ್ಲ. ಸೈನ್ 60 ಎಷ್ಟು ಅಂದರೆ ವರ್ಗಮೂಲ 3ರ ಅರ್ಧ ಅಂತಲೇ ಬರೆಯಬೇಕು, 0.866 ಅಂತ ಬರೆದರೆ ನಡೆಯುವುದಿಲ್ಲ. ಕ್ಲಾಸಿನಲ್ಲಿ ಕಳೆದ ಒಂದೊಂದು ಗಂಟೆಗೆ ಮನೆಯಲ್ಲಿ ಎರಡು ಗಂಟೆ ಓದಬೇಕು. ಇದು 4 ಯೂನಿಟ್‌ನ ಕೋರ್ಸ್, ವಾರಕ್ಕೆ 4 ಗಂಟೆ ಕ್ಲಾಸು, ಅಂದರೆ ಮನೆಯಲ್ಲಿ ವಾರಕ್ಕೆ 8 ಗಂಟೆ. ಅದನ್ನು ಓದುವಾಗ ತಲೆ ಎತ್ತಿ, "ಈ 8 ಗಂಟೆ ಎಲ್ಲಿಂದ ತರ್ತೀರಿ ಅಂತ ಇವತ್ತೇ ಬರೆದಿಟ್ಕೊಳ್ಳಿ" ಅಂದಿದ್ದರು. ಕ್ಲಾಸಿನಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ದುಡಿದು ಓದುವವರು. ಕ್ಯಾಲಿಫೋರ್ನಿಯಾದವರಿಗೆ ಕಮ್ಯುನಿಟಿ ಕಾಲೇಜಿನ ಫೀಸು ಯೂನಿಟ್‌ಗೆ 46 ಡಾಲರ್ ಮಾತ್ರ. ನನ್ನಂಥವರು 43ನೇ ವಯಸ್ಸಿಗೆ ಮತ್ತೆ ಬೆಂಚಿನ ಮೇಲೆ ಕೂರಲು ಸಾಧ್ಯವಾಗಿದ್ದು ಅದರಿಂದ.

ಎರಡನೇ ದಿನ ಅವರು ಹೇಳಿದ ಕಥೆ ನಾನು ಮರೆಯುವುದಿಲ್ಲ. ಸೈನ್ ಅನ್ನುವ ಪದ ಎಲ್ಲಿಂದ ಬಂತು ಗೊತ್ತಾ ಅಂತ ಕೇಳಿದರು. ನಮ್ಮ ಆರ್ಯಭಟ 499ರಲ್ಲಿ ಬರೆದ ಗ್ರಂಥದಲ್ಲಿ ಅದು ಜ್ಯಾ. ಬಿಲ್ಲಿನ ಹೆದೆ. ಅದೇ ಜೀವಾ ಅಂತಲೂ ಆಯಿತು. ಅರಬರು ಅದನ್ನು ಜೀಬಾ ಅಂತ ಬರೆದುಕೊಂಡರು. ಅರಬ್ಬಿಯಲ್ಲಿ ಹ್ರಸ್ವ ಸ್ವರ ಬರೆಯುವ ರೂಢಿ ಇಲ್ಲವಲ್ಲ, ಮುಂದೆ ಓದಿದವರು ಅದನ್ನು ಜೈಬ್ ಅಂತ ಓದಿದರು. ಜೈಬ್ ಅಂದರೆ ಬಟ್ಟೆಯ ಮಡಿಕೆ. 12ನೇ ಶತಮಾನದಲ್ಲಿ ಲ್ಯಾಟಿನ್‌ಗೆ ತಂದವರು ಮಡಿಕೆಗೆ ತಮ್ಮ ಪದ ಸೈನಸ್ ಹಾಕಿದರು. ನಾನು ಕೂತಲ್ಲೇ ಬೆಚ್ಚಿದೆ. ಆ ಜೈಬೇ ಪಾರಸಿಯ ದಾರಿ ಹಿಡಿದು ನಮ್ಮ ಕನ್ನಡಕ್ಕೆ ಬಂದ ಜೇಬು! ನಾವು ದಿನಾ ಚಿಲ್ಲರೆ ಹಾಕುವ ಜೇಬೂ ಈ ಸೈನೂ ಒಂದೇ ಪದದ ಮಕ್ಕಳು. ಕೈ ಎತ್ತಿ ಹೇಳಿದೆ. ಅವರ ಮುಖ ಅರಳಿಬಿಟ್ಟಿತು. ಜೇಬು, ಜೇಬು ಅಂತ ಎರಡು ಸಲ ಹೇಳಿ ನೋಡಿದರು. ಅಂಥವರು ಕಲ್ಲು ಮನಸ್ಸಿನವರು ಅಂತ ನಾನು ಹೇಗೆ ನಂಬಲಿ?

ಗುರುವಾರ ರಾತ್ರಿ ನಿದ್ದೆ ಬರದೆ ಹೊರಳಾಡುತ್ತಿದ್ದಾಗ ನೆನಪಾಗಿದ್ದು 1999.

ಆಗ ನಾನು ಸೆಕೆಂಡ್ ಪಿಯುಸಿ. ಅಪ್ಪ ಸರ್ವೆಯರ್. 33 ಅಡಿಯ ಸರಪಳಿ ಹಿಡಿದು ತಾಲೂಕಿನ ಹೊಲಗಳನ್ನೆಲ್ಲ ಅಳೆದವರು. ಸರಪಳಿ ಉದ್ದ, ಸರಪಳಿ ಅಗಲ ಇದ್ದರೆ ಒಂದು ಗುಂಟೆ, ಅಂಥ 40 ಸೇರಿದರೆ ಎಕರೆ ಅಂತ ನನಗೆ ಮಗ್ಗಿಗಿಂತ ಮೊದಲು ಗೊತ್ತಿತ್ತು. ಹಿತ್ತಲಿನ ತೆಂಗಿನ ಮರ ಎಷ್ಟೆತ್ತರ ಅಂತ ಕೇಳಿದರೆ, ಅಪ್ಪ ನನ್ನನ್ನು ಹಿಂದೆ ಹಿಂದೆ ನಡೆಸಿ ಒಂದು ಕಡೆ ನಿಲ್ಲಿಸುತ್ತಿದ್ದರು. ಇಲ್ಲಿಂದ ತುದಿಗೆ 45 ಡಿಗ್ರಿ, ಈಗ ಬುಡದವರೆಗೆ ಹೆಜ್ಜೆ ಅಳೆ, ಕೊನೆಗೆ ನೆಲದಿಂದ ನಿನ್ನ ಕಣ್ಣಿನವರೆಗಿನ ಎತ್ತರ ಕೂಡಿಸು. ಉನ್ನತ ಕೋನ ಅನ್ನುವ ಪದ ಪುಸ್ತಕದಲ್ಲಿ ಬರುವ ಮುಂಚೆಯೇ ಅದು ನನ್ನ ಕುತ್ತಿಗೆಗೆ ಗೊತ್ತಿತ್ತು.

ಆ ವರ್ಷ ಅಪ್ಪನಿಗೆ ಕಾಮಾಲೆ ಆಯಿತು. ಮೊದಲು ನಾಟಿ ಔಷಧಿ ಅಂತ ದಿನ ಕಳೆದರು. ಆಮೇಲೆ ಮೂರು ವಾರ ಆಸ್ಪತ್ರೆ. ಅಮ್ಮ ರಾತ್ರಿ, ನಾನು ಹಗಲು. ಶಾರ್ಟೇಜ್ ಲಿಸ್ಟ್ ಬೋರ್ಡಿಗೆ ಬಿದ್ದಾಗ ಅದರಲ್ಲಿ ನನ್ನ ಹೆಸರಿತ್ತು. ಶೇಕಡಾ 75 ಹಾಜರಾತಿ ಇರಬೇಕು. ನನ್ನದು 68. ತಂದೆತಾಯಿ ಕರ್ಕೊಂಡು ಬಾ ಅಂದರು. ಅಪ್ಪ ಹಾಸಿಗೆಯಲ್ಲಿ. ಅಮ್ಮ ಬಂದಳು.

ಕಾಲೇಜಿನ ಆ ವರಾಂಡದ ಕೆಂಪು ನೆಲ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಅಮ್ಮ ಬಾಗಿಲ ಪಕ್ಕ ನಿಂತಿದ್ದಳು. ಹತ್ತೂವರೆಗೆ ಬಂದವಳನ್ನು ಕರೆದಿದ್ದು ಒಂದು ಗಂಟೆಗೆ. ಕುರ್ಚಿ ಖಾಲಿ ಇತ್ತು. ಕೂತ್ಕೊಳ್ಳಿ ಅಂತ ಯಾರೂ ಅನ್ನಲಿಲ್ಲ. ಒಳಗೆ ಹೋದ ಮೇಲೆ ಸೆರಗಿನ ಗಂಟು ಬಿಚ್ಚಿ, ನಾಲ್ಕು ಮಡಿಕೆ ಮಾಡಿದ್ದ ರಕ್ತದ ರಿಪೋರ್ಟ್ ತೆಗೆದು ಟೇಬಲ್ ಮೇಲೆ ಇಟ್ಟಳು. ಕುರ್ಚಿಯಲ್ಲಿ ಕೂತವರು ಅದನ್ನು ಮುಟ್ಟಲಿಲ್ಲ. "ಎಲ್ಲರೂ ಇಂಥದ್ದೇ ತರ್ತಾರೆ. ಮನೆ ಕೆಲಸಕ್ಕೆ ಹುಡುಗಿ ಬೇಕು ಅನ್ನೋದಾದ್ರೆ ಕಾಲೇಜಿಗೆ ಯಾಕಮ್ಮ ಸೇರಿಸ್ತೀರಿ?" ಅಂದರು. ಅಮ್ಮ ಅತ್ತಳು. ಅತ್ತ ಮೇಲೆ ಸಹಿ ಬಿತ್ತು. ಅಳುವುದಕ್ಕೇ ಕಾದಿದ್ದರೇನೋ ಅಂತ ನನಗೆ ಇವತ್ತಿಗೂ ಅನ್ನಿಸುತ್ತೆ. ನನಗಿಂತ ಕಡಿಮೆ ಹಾಜರಾತಿ ಇದ್ದ ಇನ್ನೊಬ್ಬ ಹುಡುಗನ ಹೆಸರು ಲಿಸ್ಟಿನಿಂದ ತಾನಾಗಿಯೇ ಮಾಯವಾಗಿತ್ತು. ಅವರ ಮನೆಯವರು ಯಾರೂ ಬಂದು ನಿಲ್ಲಲಿಲ್ಲ.

ಅಲ್ಲೂ ರೂಲು ಇತ್ತು. ಶೇಕಡಾ 75 ತಪ್ಪು ಅಂತ ನಾನು ಹೇಳುವುದಿಲ್ಲ. ಆದರೆ ಅದು ಯಾರಿಗೆ ಎಷ್ಟು ಬಿಗಿ ಅನ್ನುವುದು ಕುರ್ಚಿಯಲ್ಲಿ ಕೂತವರ ಮನಸ್ಸಿನಲ್ಲಿತ್ತು. ಅದನ್ನು ಸಡಿಲ ಮಾಡಿಸಬೇಕಾದರೆ ನಮ್ಮ ಮನೆಯ ಕಷ್ಟವನ್ನು ಬಿಚ್ಚಿ ಅವರ ಟೇಬಲ್ ಮೇಲೆ ಹರಡಬೇಕಿತ್ತು. ಅದು ಸಾಕಷ್ಟು ದೊಡ್ಡ ಕಷ್ಟ ಹೌದೋ ಅಲ್ಲವೋ ಅಂತ ಅವರು ತೂಗಿ ನೋಡಬೇಕಿತ್ತು.

ಆ ಪರೀಕ್ಷೆಯಲ್ಲಿ ಗಣಿತಕ್ಕೆ 42 ಬಂತು. ಇಂಜಿನಿಯರಿಂಗ್ ಮಾತು ಅಲ್ಲಿಗೇ ಮುಗಿಯಿತು. ಬಿ.ಕಾಂ. ಓದಿದೆ, ಮದುವೆಯಾಯಿತು, ಇಲ್ಲಿಗೆ ಬಂದೆ. ಈಗ ಮಗಳು ಹೈಸ್ಕೂಲು ಸೇರಿದ ಮೇಲೆ ಸರ್ವೇಯಿಂಗ್ ಕಲಿಯಬೇಕೆಂದು ಹೊರಟಿದ್ದೇನೆ. ಅದಕ್ಕೆ ಮೊದಲ ಮೆಟ್ಟಿಲು ಈ ಕೋರ್ಸ್. ಅಪ್ಪ ಈಗ ಇಲ್ಲ. ಇದ್ದಿದ್ದರೆ ದಿನಾ ರಾತ್ರಿ ಫೋನಿನಲ್ಲಿ ಹೋಂವರ್ಕ್ ಕೇಳುತ್ತಿದ್ದರು.

ಗುರುವಾರ ನಾನು ಫೋನಿನಲ್ಲಿ ಅಮ್ಮನ ಫೋಟೋ ತೆಗೆದು ಹಿಡಿದುಕೊಂಡು ಆ ಬಾಗಿಲಿಗೆ ಹೋಗಿದ್ದೆನಲ್ಲ, ಅದು ಅದೇ ಸೆರಗಿನ ಗಂಟು. ಇಷ್ಟು ವರ್ಷ ಆದ ಮೇಲೂ ನನ್ನ ಕೈಗೆ ಅದೇ ಅಭ್ಯಾಸ. ಅವರು ಅಂಗೈ ಎತ್ತಿದ್ದು ಆ ಗಂಟನ್ನು ಬಿಚ್ಚಬೇಡ ಅಂತ. ಕಾರಣ ಹೇಳಬೇಕಾಗಿಲ್ಲ. ಅವರಿಗೆ ನನ್ನ ಅಮ್ಮ ಬೇಡವಾಗಿದ್ದಳು ಅಂತಲ್ಲ. ನನ್ನ ಅಂಕಕ್ಕೆ ನನ್ನ ಅಮ್ಮನನ್ನು ಸಾಕ್ಷಿ ತರಬೇಕಾಗಿರಲಿಲ್ಲ. ಆಗಸ್ಟ್ ತಿಂಗಳಲ್ಲಿ, ಯಾರಿಗೆ ಏನಾಗುತ್ತೆ ಅಂತ ಯಾರಿಗೂ ಗೊತ್ತಿಲ್ಲದಾಗಲೇ, ಅವರು ನಮ್ಮೆಲ್ಲರಿಗೂ ಒಂದೊಂದು ಆಪತ್ತು ಬರುತ್ತೆ ಅಂತ ಲೆಕ್ಕ ಹಾಕಿ ಮೂರನೇ ಪುಟದಲ್ಲಿ ಬರೆದಿಟ್ಟಿದ್ದರು.

ಆದರೂ ನನಗೆ ಒಂದು ವಿಷಯ ಬಗೆಹರಿದಿಲ್ಲ. ನನ್ನ ಪಕ್ಕ ಕೂರುವ ಹುಡುಗ ಗೋದಾಮಿನಲ್ಲಿ ರಾತ್ರಿ ಪಾಳಿ ಮಾಡುತ್ತಾನೆ. ಹಳದಿ ಜಾಕೆಟ್ ಹಾಕಿಕೊಂಡೇ ಕ್ಲಾಸಿಗೆ ಬರುತ್ತಾನೆ, ಇಲ್ಲಿಂದ ಸೀದಾ ಕೆಲಸಕ್ಕೆ. ಮೊದಲ ಟೆಸ್ಟ್ ದಿನ ಬಸ್ಸು ತಡವಾಗಿ ತಪ್ಪಿಸಿಕೊಂಡ. ಮಂಗಳವಾರ ಓವರ್‌ಟೈಮ್ ಇದ್ದು ಇದನ್ನೂ ತಪ್ಪಿಸಿಕೊಂಡ. ಅವನದು ಎರಡನೇ ಸಲ, ಹಾಗಾಗಿ ಸೊನ್ನೆ. ಕಾರಿದ್ದವಳಿಗೂ ಬಸ್ಸಿಗೆ ಕಾಯುವವನಿಗೂ ಒಂದೇ ಒಂದು ಆಪತ್ತು ಅಂದರೆ ಅದು ಸಮ ಹೇಗಾಗುತ್ತೆ? ಅವನ ಆಪತ್ತುಗಳು ನನ್ನದಕ್ಕಿಂತ ಜಾಸ್ತಿ ಅಲ್ವಾ? ಬೇಜಾರಿಲ್ವಾ ಅಂತ ಕೇಳಿದೆ. "ಮೊದಲೇ ಗೊತ್ತಿತ್ತಲ್ಲ" ಅಂದ. ಹೆಸರು ವಾಪಸ್ ತಗೊಳ್ಳಲು ಇನ್ನೂ ಸಮಯ ಇದೆಯಂತೆ. ಡಬ್ಲ್ಯೂ ಅಂತ ಬೀಳುತ್ತೆ, ಫೇಲ್ ಅಲ್ಲ. ಮುಂದಿನ ಸೆಮಿಸ್ಟರ್ ಮತ್ತೆ ತಗೊಳ್ತೀನಿ ಅಂದು ನೋಟ್ಸ್ ಬರೆಯುತ್ತಾ ಕೂತ. ಟ್ಯಾನ್ ಗ್ರಾಫನ್ನು ಅಷ್ಟು ನೀಟಾಗಿ ಬಿಡಿಸುವವನು ನಮ್ಮ ಕ್ಲಾಸಿನಲ್ಲಿ ಇನ್ನೊಬ್ಬನಿಲ್ಲ. ಅವನು ಹೋಗುತ್ತಾನೆ ಅಂದರೆ ನನಗೆ ಹೊಟ್ಟೆ ಚುರ್ ಅನ್ನುತ್ತೆ. ಮೂರನೇ ಪುಟದಲ್ಲಿ ಇನ್ನೂ ಒಂದು ಸಾಲಿಗೆ ಜಾಗ ಇತ್ತು.

ನಿನ್ನೆ ರಾತ್ರಿ ಅಮ್ಮನ ಜೊತೆ ವಿಡಿಯೋದಲ್ಲಿ ಮಾತಾಡಿದೆ. ಎಡಗೈಯಲ್ಲಿ ಕಾಫಿ ಲೋಟ ಹಿಡಿದಿದ್ದಳು. ನನ್ನಿಂದ ನಿನ್ನ ಪರೀಕ್ಷೆ ಹೋಯ್ತಲ್ಲ ಅಂತ ಪೇಚಾಡಿದಳು. ತಮ್ಮ ಹೇಳಿಬಿಟ್ಟಿದ್ದಾನೆ. ಅವನ ಬಾಯಲ್ಲಿ ಏನೂ ನಿಲ್ಲುವುದಿಲ್ಲ.

"ಮೇಡಂ ಹತ್ರ ಹೋಗಿ ಕೇಳ್ಕೊಂಡ್ಯಾ?"

"ಹೋಗಿದ್ದೆ."

"ಎಷ್ಟೊತ್ತು ನಿಲ್ಲಿಸಿದ್ರು?"

ಆ ಪ್ರಶ್ನೆಗೆ ನಾನು ತಯಾರಿರಲಿಲ್ಲ. ನಾವಿಬ್ಬರೂ ಆ ವರಾಂಡದ ಬಗ್ಗೆ ಇಷ್ಟು ವರ್ಷದಲ್ಲಿ ಒಂದು ಸಲವೂ ಮಾತಾಡಿಲ್ಲ.

"ನಿಲ್ಲಿಸಲೇ ಇಲ್ಲಮ್ಮ. ಏನೂ ಕೇಳಲೂ ಇಲ್ಲ."

ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಲೋಟ ಕೆಳಗಿಟ್ಟು, ಪ್ಲಾಸ್ಟರ್ ಹಾಕಿದ ಕೈಯನ್ನು ದಿಂಬಿನ ಮೇಲೆ ಸರಿ ಮಾಡಿಕೊಂಡಳು.

"ಕೊನೇ ಪರೀಕ್ಷೆ ಯಾವತ್ತು?" ಅಂದಳು.

"ಡಿಸೆಂಬರ್‌ನಲ್ಲಿ."

"ಹಂಗಾದ್ರೆ ಫೋನಿಡು. ಓದ್ಕೋ ಹೋಗು."