ಅನ್ನದ ಗೋಡೆ: ಸಾರ್ತು ಮಾಡುವ ತನಕದ ಟಿಪ್ಪಣಿಗಳು

ಅಕ್ಟೋಬರ್

ಗುರಿ ಒಂದೇ. ಈಸ್ಟರ್ ಭಾನುವಾರದ ಊಟಕ್ಕೆ ಒಂದು ಇಡೀ ಸಾರ್ತು ಮಾಡಬೇಕು. ಅಚ್ಚಿನಿಂದ ತಟ್ಟೆಗೆ ಮಗುಚಿದ ಮೇಲೆ ಕುಸಿಯಬಾರದು. ಕತ್ತರಿಸಿದರೆ ಹೋಳು ನೆಟ್ಟಗೆ ನಿಲ್ಲಬೇಕು.

ಗೊತ್ತಿಲ್ಲದವರಿಗೆ ಒಂದು ಮಾತು. ಸಾರ್ತು ಅನ್ನೋದು ನೇಪಲ್ಸ್‌ನ ಹಬ್ಬದಡುಗೆ. ಟೊಮ್ಯಾಟೊ ರಾಗುವಿನಲ್ಲಿ (ಮಾಂಸ ಹಾಕಿ ನಿಧಾನಕ್ಕೆ ಕುದಿಸಿದ ಸಾಸ್) ಬೆಂದ ಅನ್ನಕ್ಕೆ ಮೊಟ್ಟೆ, ಪಾರ್ಮಿಜಾನೋ ಚೀಸ್ ಕಲಸಿ ಎತ್ತರದ ಅಚ್ಚಿನ ತಳಕ್ಕೂ ಒಳಮೈಗೂ ಒತ್ತುತ್ತಾರೆ. ನಡುವಿನ ಗುಳಿಗೆ ಪುಟಾಣಿ ಖೀಮಾ ಉಂಡೆ, ಬಟಾಣಿ, ಅಣಬೆ, ಬೇಯಿಸಿದ ಮೊಟ್ಟೆ, ಪ್ರೋವೋಲಾ ಚೀಸ್ ತುಂಬುತ್ತಾರೆ. ಕೋಳಿಯ ಲಿವರ್ ಹಾಕುವವರೂ ಇದ್ದಾರೆ. ಮೇಲೆ ಅನ್ನವನ್ನೇ ಮುಚ್ಚಳದ ಹಾಗೆ ಹರಡಿ ಓವನ್‌ನಲ್ಲಿ ಬೇಯಿಸಿ ಮಗುಚುತ್ತಾರೆ.

ನೇಪಲ್ಸ್‌ನವರಿಗೆ ಹಿಂದೆ ಅಕ್ಕಿ ಅಂದ್ರೆ ಅಷ್ಟಕ್ಕಷ್ಟೇ. ಹೊಟ್ಟೆ ಕೆಟ್ಟವರಿಗೆ ಕೊಡುವ ಪಥ್ಯ ಅದು. 18ನೇ ಶತಮಾನದಲ್ಲಿ ಬೂರ್ಬೋನ್ ಅರಸರ ಕಾಲಕ್ಕೆ ಅಲ್ಲಿನ ಅರಮನೆಗೂ ದೊಡ್ಡ ಮನೆಗಳಿಗೂ ಫ್ರೆಂಚ್ ಬಾಣಸಿಗರು ಬಂದರು. 1768ರಲ್ಲಿ ರಾಜ ನಾಲ್ಕನೇ ಫೆರ್ಡಿನಾಂಡೋನನ್ನು ಮದುವೆಯಾಗಿ ಬಂದ ಆಸ್ಟ್ರಿಯಾದ ಮರಿಯಾ ಕರೋಲಿನಾಗೆ ಆ ಅಡುಗೆಯೇ ಬೇಕಿತ್ತಂತೆ. ಊರಿನವರಿಗೆ ಬೇಡವಾದ ಅಕ್ಕಿಯನ್ನು ರಾಜನಿಗೆ ಒಪ್ಪಿಸೋಕೆ ಬಾಣಸಿಗರು ಅದರ ಹೊಟ್ಟೆಯೊಳಗೆ ಮಾಂಸ, ಚೀಸ್ ಎಲ್ಲ ಅಡಗಿಸಿಟ್ಟರು ಎಂಬುದು ಅಲ್ಲಿಯವರು ಹೇಳುವ ಕತೆ. ಪಥ್ಯದ ಅನ್ನವನ್ನು ದೊರೆಯ ಊಟ ಮಾಡಿದ ಜಾಣತನ ನನಗೆ ಬಹಳ ಇಷ್ಟ.

ನಾನಿರುವುದು ಮಿಲಾನ್‌ನಲ್ಲಿ. ಇಲ್ಲಿ ಎಲ್ಲರ ಮನೆಯಲ್ಲೂ ರಿಸೊಟ್ಟೊ. ನಾನೂ ಮಾಡ್ತೀನಿ. ಆದರೆ ತಟ್ಟೆಯಲ್ಲಿ ಹರಡಿಕೊಳ್ಳುವ ಅನ್ನ ಬೇರೆ, ತನ್ನ ಕಾಲ ಮೇಲೆ ನಿಲ್ಲುವ ಅನ್ನ ಬೇರೆ. ಹೂರಣದ ಬಗ್ಗೆ ಎಲ್ಲರೂ ಗಂಟೆಗಟ್ಟಲೆ ಮಾತಾಡುತ್ತಾರೆ. ನನ್ನ ಲೆಕ್ಕದಲ್ಲಿ ಇದು ಗೋಡೆಯ ಕೆಲಸ. ಗೋಡೆ ಸರಿ ಬಂದರೆ ಒಳಗೆ ಏನು ಬೇಕಾದರೂ ತುಂಬಬಹುದು. ಅದಕ್ಕೇ ಚಿಕ್ಕದರಿಂದ ಶುರು ಮಾಡುವುದು: ಮೊದಲು ಸಿಸಿಲಿಯ ಅರಂಚೀನಿ ಅನ್ನುವ ಕರಿದ ಅನ್ನದುಂಡೆ, ಆಮೇಲೆ ಬಟ್ಟಲು ಗಾತ್ರದ ಅಚ್ಚಿನಲ್ಲಿ ಬೇಯಿಸುವ ಟಿಂಬಾಲ್ಲೊ, ಕೊನೆಗೆ ಸಾರ್ತು.

ನವೆಂಬರ್, ಅಕ್ಕಿ

ಯುರೋಪಿನಲ್ಲಿ ಎಲ್ಲರಿಗಿಂತ ಜಾಸ್ತಿ ಅಕ್ಕಿ ಬೆಳೆಯುವ ದೇಶ ಇಟಲಿ. ಮಿಲಾನ್‌ನಿಂದ ಟೊರಿನೊಗೆ ರೈಲಿನಲ್ಲಿ ಹೋದರೆ ನೊವಾರಾ, ವೆರ್ಚೆಲ್ಲಿ ಸುತ್ತಮುತ್ತ ಬರೀ ಗದ್ದೆ. ಮೇ ತಿಂಗಳಲ್ಲಿ ನೀರು ಕಟ್ಟಿದಾಗ ಮಂಡ್ಯದವಳಾದ ನಾನು ಕಿಟಕಿಯಿಂದ ಮುಖ ತೆಗೆಯುವುದಿಲ್ಲ. ಅಂಗಡಿಯಲ್ಲೂ ಅಕ್ಕಿಯನ್ನು ತಳಿಯ ಹೆಸರಿಟ್ಟೇ ಮಾರುತ್ತಾರೆ. ಹಾಗಾಗಿ ಹೋಲಿಸಿ ನೋಡುವುದು ಸುಲಭ.

ಎಲ್ಲರೂ ಹೊಗಳುವುದು ಕಾರ್ನರೋಲಿಯನ್ನು. 1945ರಲ್ಲಿ ಮಿಲಾನ್ ಹತ್ತಿರದ ಪಾವುಲ್ಲೊದಲ್ಲಿ ಹುಟ್ಟಿದ ತಳಿ. ಅದರಲ್ಲಿ ಅಮೈಲೋಸ್ (ಕಾಳುಗಳನ್ನು ಅಂಟದಂತೆ ಬಿಡಿಬಿಡಿಯಾಗಿಡುವ ಪಿಷ್ಟ) ಜಾಸ್ತಿ. ಎಷ್ಟು ಬೇಯಿಸಿದರೂ ಕಾಳು ಕಾಳಾಗಿ ಇರುತ್ತೆ. ರಿಸೊಟ್ಟೊಗೆ ಅದೇ ಅದರ ಗುಣ. ಗೋಡೆಗೆ ಅದೇ ಅದರ ತಂಟೆ. ಒಂದು ಕಾಳಿಗೆ ಇನ್ನೊಂದರ ಸಹವಾಸ ಬೇಡ. ವಿಯಲೋನೆ ನಾನೋ 1937ರದ್ದು, ವೆರೋನಾ ಕಡೆಯವರ ಪ್ರೀತಿಯ ಅಕ್ಕಿ. ಕಾಳು ಪುಟ್ಟದು, ರುಚಿ ಚೆನ್ನಾಗಿದೆ, ಬೆಲೆ ಮಾತ್ರ ಕೈ ಸುಡುತ್ತೆ. ಅರ್ಬೋರಿಯೋ 1946ರದ್ದು, ವೆರ್ಚೆಲ್ಲಿ ಸೀಮೆಯ ಅದೇ ಹೆಸರಿನ ಊರಿನದು. ದಪ್ಪ ಕಾಳು, ಹೊರಮೈ ಬೇಗ ಮೆತ್ತಗಾಗಿ ಅಂಟು ಬಿಡುತ್ತೆ. ಇನ್ನು ರೋಮಾ ಅನ್ನುವ ತಳಿ. ಯಾರೂ ಅದರ ಹೆಸರು ಎತ್ತುವುದಿಲ್ಲ. ಸಾರು, ರಾಗು ಏನು ಕೊಟ್ಟರೂ ಹೀರಿಕೊಂಡು ಒಂದಕ್ಕೊಂದು ಅಂಟಿ ಕೂರುತ್ತೆ. ಬೆಲೆಯೂ ಕಡಿಮೆ.

ಸಾರ್ತುವಿಗೆ ರೋಮಾ, ಅರಂಚೀನಿಗೆ ಅರ್ಬೋರಿಯೋ ಅಂತ ತೀರ್ಮಾನ ಮಾಡಿದೆ. ಸೋನಾ ಮಸೂರಿಯನ್ನೂ ನೋಡಿದೆ, ಬಿಡಲಿಲ್ಲ. ಮೊಟ್ಟೆ ಜಾಸ್ತಿ ಸುರಿದರೆ ನಿಲ್ಲುತ್ತೆ, ಆದರೆ ಅನ್ನಕ್ಕಿಂತ ಮೊಟ್ಟೆಯ ರುಚಿಯೇ ಮುಂದೆ ಬರುತ್ತೆ.

ಅಕ್ಕಿ ಯಾವುದೇ ಇರಲಿ, ತೊಳೆಯಬಾರದು. ನಮ್ಮ ಕೈ ತಾನಾಗಿಯೇ ನಲ್ಲಿ ಹತ್ತಿರ ಹೋಗುತ್ತೆ, ಅಲ್ವಾ? ಮೇಲಿನ ಪಿಷ್ಟವೇ ಗೋಡೆಯ ಗಾರೆ. ತೊಳೆದರೆ ಅದು ಬಚ್ಚಲಿಗೆ ಹೋಯಿತು.

ಡಿಸೆಂಬರ್ 13

ಇವತ್ತು ಸಾಂತಾ ಲುಚೀಯಾ ಹಬ್ಬ. ಪಲೆರ್ಮೋದಲ್ಲಿ ಇವತ್ತು ಬ್ರೆಡ್ಡು, ಪಾಸ್ತಾ ಮುಟ್ಟುವುದಿಲ್ಲ. ಊರಿಗೆ ಊರೇ ಅರಂಚೀನಿ ತಿನ್ನುತ್ತೆ. ಅಲ್ಲಿ ಅದು ದುಂಡಗೆ. ದ್ವೀಪದ ಆ ಕಡೆ ಕತಾನಿಯಾದಲ್ಲಿ ತುದಿ ಚೂಪು. ಎರಡು ಊರಿನವರನ್ನು ಒಂದೇ ಮೇಜಿಗೆ ಕೂರಿಸಬೇಡಿ.

ನಾನು ದುಂಡಗೇ ಮಾಡಿದೆ. 500 ಗ್ರಾಂ ಅರ್ಬೋರಿಯೋ, 1.2 ಲೀಟರ್ ತರಕಾರಿ ಸಾರು (ತರಕಾರಿ ಬೇಯಿಸಿ ಸೋಸಿದ ನೀರು), ಒಂದು ಪುಟ್ಟ ಪೊಟ್ಟಣ ಕೇಸರಿ. ಸಾರು ಪೂರ್ತಿ ಇಂಗುವ ತನಕ ಬೇಯಿಸುವುದು, ಬಸಿಯುವ ಮಾತಿಲ್ಲ. ಇಳಿಸಿದ ಮೇಲೆ 50 ಗ್ರಾಂ ಬೆಣ್ಣೆ, ತುರಿದ ಕಾಚೋಕವಾಲ್ಲೋ ಚೀಸ್. ಹದ ಹೇಗಿರಬೇಕು ಅಂದರೆ, ಚಿತ್ರಾನ್ನದಷ್ಟು ಉದುರೂ ಅಲ್ಲ, ಬಿಸಿಬೇಳೆಬಾತ್‌ನಷ್ಟು ಸಡಿಲವೂ ಅಲ್ಲ. ಸೌಟು ನಿಲ್ಲಿಸಿದರೆ ನಿಲ್ಲಬೇಕು, ಮೆಲ್ಲಗೆ ವಾಲಬೇಕು.

ಆಮೇಲಿನ ಕೆಲಸ ಫ್ರಿಜ್ಜಿನದು. ಅನ್ನವನ್ನು ಅಗಲದ ಟ್ರೇಯಲ್ಲಿ ಹರಡಿ, ಮೇಲೆ ತೆಳು ಪ್ಲಾಸ್ಟಿಕ್ ಹಾಳೆ ಅಂಟಿಸಿ ರಾತ್ರಿಯಿಡೀ ಇಟ್ಟೆ. ತಣ್ಣಗಾದಂತೆ ಪಿಷ್ಟ ಬಿಗಿಯಾಗುತ್ತೆ. ಬೆಚ್ಚಗಿರುವಾಗ ಉಂಡೆ ಕಟ್ಟಿದರೆ ಎಣ್ಣೆಯಲ್ಲಿ ಬಿಚ್ಚಿಕೊಳ್ಳುತ್ತೆ. ಬೆಳಿಗ್ಗೆ ಅದೇ ಅನ್ನ ಮಾತು ಕೇಳುತ್ತೆ. ಒಂದಕ್ಕೆ 120 ಗ್ರಾಂ ಅನ್ನ, 30 ಗ್ರಾಂ ಹೂರಣ. ಅಂಗೈ ಒದ್ದೆ ಮಾಡಿಕೊಂಡು ಅನ್ನವನ್ನು ಬಟ್ಟಲಿನ ಹಾಗೆ ತಟ್ಟಿ, ಗಟ್ಟಿ ಖೀಮಾ ರಾಗು ಮತ್ತು ಬಟಾಣಿ ಇಟ್ಟು, ಅಂಚು ಕೂಡಿಸಿ ಉರುಟು ಮಾಡುವುದು. ಇಲ್ಲಿ ಬೆರಳಿಗೆ ಒಂದು ವಿಷಯ ಗೊತ್ತಾಯಿತು. ಗೋಡೆ ಎಲ್ಲ ಕಡೆ ಒಂದೇ ದಪ್ಪ ಇರಬೇಕು. ಅಂಚು ಕೂಡುವ ಜಾಗದಲ್ಲಿ ಅನ್ನ ಗುಡ್ಡೆಯಾದರೆ ಅದರ ಎದುರು ಬದಿ ತೆಳುವಾಗಿ ಅಲ್ಲೇ ಬಿರುಕು ಬಿಡುತ್ತೆ.

ಹೊರಗೆ ಮೊಟ್ಟೆ ಹಚ್ಚಲಿಲ್ಲ. ಸಿಸಿಲಿಯವರು ಮೈದಾ, ನೀರು ಕಲಸಿದ ತೆಳು ಹಿಟ್ಟಿನಲ್ಲಿ ಅದ್ದಿ ಬ್ರೆಡ್ ಪುಡಿಯಲ್ಲಿ ಹೊರಳಿಸುತ್ತಾರೆ. ಅದು ನಿಜಕ್ಕೂ ಒಳ್ಳೆಯ ಉಪಾಯ. ಹಿಟ್ಟು ಸಂದುಗಳನ್ನೆಲ್ಲ ಮುಚ್ಚುತ್ತೆ. 175 ಡಿಗ್ರಿ ಎಣ್ಣೆಯಲ್ಲಿ, ಉಂಡೆ ಪೂರ್ತಿ ಮುಳುಗುವ ಹಾಗೆ ಕರಿದೆ. ಒಂದೂ ಒಡೆಯಲಿಲ್ಲ.

ರೋಮ್‌ನವರ ಸುಪ್ಲೀ ಕೂಡ ಇದೇ ಜಾತಿ. ಟೊಮ್ಯಾಟೊ ಅನ್ನ, ನಡುವೆ ಮೊಜ್ಜರೆಲ್ಲಾ. ಅದನ್ನು ಸುಮ್ನೆ ಒಂದು ಸಂಜೆ ಮಾಡಿ ತಿಂದೆವು. ಬರೆಯುವಂಥದ್ದು ಏನಿಲ್ಲ, ಬಿಸಿ ಇರುವಾಗಲೇ ಖಾಲಿ ಮಾಡಬೇಕು ಅಷ್ಟೇ.

ಫೆಬ್ರವರಿ, ಅಚ್ಚು ಮತ್ತು ತುಪ್ಪ

ಅರಂಚೀನಿಗೆ ಕರಿದ ಹೊದಿಕೆಯ ಆಸರೆ ಇತ್ತು. ಟಿಂಬಾಲ್ಲೊದ ಅಚ್ಚಿನಲ್ಲಿ ಅದಿಲ್ಲ. ಇಲ್ಲಿ ಗೋಡೆಯನ್ನು ಹಿಡಿಯುವುದು ಮೊಟ್ಟೆ ಮತ್ತು ಚೀಸ್. ಮೊಟ್ಟೆಯನ್ನು ಕುದಿಯುವ ಅನ್ನಕ್ಕೆ ಒಡೆದರೆ ಅಲ್ಲೇ ಗಟ್ಟಿಯಾಗಿ ಚೂರುಚೂರಾಗುತ್ತೆ. ಬೆರಳು ಇಟ್ಟರೆ ಸುಡದಷ್ಟು ಆರಿದ ಮೇಲೆ ಹಾಕಬೇಕು. ಆಗ ಅದು ಓವನ್‌ನಲ್ಲಿ, ನಮಗೆ ಬೇಕಾದ ಜಾಗದಲ್ಲಿ ಗಟ್ಟಿಯಾಗುತ್ತೆ.

ಸಿಲಿಕೋನ್ ಬಟ್ಟಲು, ಅಲ್ಯೂಮಿನಿಯಂ ಬಟ್ಟಲು ಎರಡನ್ನೂ ಪಕ್ಕಪಕ್ಕ ಇಟ್ಟು ಬೇಯಿಸಿದೆ. ಸಿಲಿಕೋನಿನಿಂದ ಬಿಡಿಸುವುದು ಸುಲಭ, ಆದರೆ ಹೊರಮೈ ಬಿಳಿಚಿಕೊಂಡು ಮೆತ್ತಗೆ ಇರುತ್ತೆ. ಅಲ್ಯೂಮಿನಿಯಂನಲ್ಲಿ ಕೆಂಪಗೆ, ಗರಿಗರಿ. ನಿಲ್ಲೋಕೆ ಆ ಗರಿಯೇ ಬೇಕು.

ಅಂಟದಿರಲು ಅಚ್ಚಿಗೆ ಬೆಣ್ಣೆ ಸವರಿ ಬ್ರೆಡ್ ಪುಡಿ ಉದುರಿಸುವುದು ವಾಡಿಕೆ. ಬೆಣ್ಣೆಯಲ್ಲಿ ನೂರಕ್ಕೆ 16ರಷ್ಟು ನೀರು ಇರುತ್ತೆ. ಆ ನೀರು ಪುಡಿಯನ್ನು ನೆನೆಸುತ್ತೆ. ನಾನು ತುಪ್ಪ ಸವರಿದೆ. ಅಚ್ಚನ್ನು ಹತ್ತು ನಿಮಿಷ ಫ್ರಿಜ್ಜಿನಲ್ಲಿಟ್ಟು, ತುಪ್ಪ ಹೆಪ್ಪುಗಟ್ಟಿದ ಮೇಲೆ ಇನ್ನೊಂದು ಸಲ ಸವರಿ, ಆಮೇಲೆ ಪುಡಿ ಹಾಕಿದೆ. ಬಟ್ಟಲುಗಳು ಒಂದೇ ಏಟಿಗೆ ಬಿಟ್ಟವು. ಕೆಳಗಿನ ಮಹಡಿಯಲ್ಲಿರುವ ನೇಪಲ್ಸ್ ಅಜ್ಜಿಗೆ ಒಂದು ಕೊಟ್ಟು ಬಂದೆ. ತುಪ್ಪ ಅಂದರೆ ಮೂಗು ಮುರಿಯುತ್ತಾರೆ ಅಂದುಕೊಂಡರೆ ಇಲ್ಲ. "ನಮ್ಮಮ್ಮ ಹಂದಿ ಕೊಬ್ಬು ಸವರುತ್ತಿದ್ದಳು. ಅದರಲ್ಲೂ ನೀರಿಲ್ಲ. ನಿನ್ನದೂ ಅದೇ ಲೆಕ್ಕ," ಅಂದರು.

ಮಂಡ್ಯದಿಂದ ಫೋನಿನಲ್ಲಿ ಅಮ್ಮನದು ಬೇರೆಯೇ ವರಸೆ. "ಬೆಂದಿರೋ ಅನ್ನಾನ ಮತ್ತೆ ಯಾಕೇ ಬೇಯಿಸ್ತೀಯ? ಗ್ಯಾಸು ಪುಗಸಟ್ಟೆ ಬರುತ್ತಾ ಅಲ್ಲಿ?" ಓವನ್ ಕರೆಂಟಿನದಮ್ಮ ಅಂದೆ. ಅದಕ್ಕೂ ಬೈದರು.

ಮಾರ್ಚ್, ಹೂರಣ

ಗೋಡೆಗೆ ಒಳಗಿನ ಶತ್ರು ನೀರು. ಮೊಜ್ಜರೆಲ್ಲಾ ಎಷ್ಟು ನೀರು ಬಿಡುತ್ತೆ ಅಂದರೆ, ಹೋಳು ಮಾಡಿ ಜರಡಿಯಲ್ಲಿ ರಾತ್ರಿ ಬಿಟ್ಟರೆ ಕೆಳಗಿನ ಬಟ್ಟಲಲ್ಲಿ ಹಾಲಿನ ಹಾಗೆ ನಿಂತಿರುತ್ತೆ. ಹೊಗೆ ಹಾಕಿದ ಪ್ರೋವೋಲಾ ವಾಸಿ. ಬಟಾಣಿಯನ್ನು ಈರುಳ್ಳಿ ಜೊತೆ ಪಸೆ ಆರುವ ತನಕ ಬಾಡಿಸಬೇಕು. ಒಣ ಪೊರ್ಚೀನಿ ಅಣಬೆ ನೆನೆಸಿದ ನೀರನ್ನು ರಾಗುವಿಗೆ ಸುರಿದು, ಅಣಬೆಯನ್ನು ಹಿಂಡಿ ಹುರಿಯಬೇಕು.

ನಮ್ಮ ಮನೆಯಲ್ಲಿ ದನದ ಮಾಂಸ ಇಲ್ಲ. ಹಂದಿ ಖೀಮಾಕ್ಕೆ ಕೋಳಿ ಖೀಮಾ ಸ್ವಲ್ಪ ಬೆರೆಸಿ, ಕಡಲೆಕಾಯಿ ಬೀಜಕ್ಕಿಂತ ತುಸು ದೊಡ್ಡ ಉಂಡೆ ಕಟ್ಟಿ ಕರಿದೆ. ಕೂತು ಮಾಡುವ ಕೆಲಸ. ಪಾಡ್‌ಕಾಸ್ಟ್ ಹಾಕಿಕೊಳ್ಳಿ. ದೊಡ್ಡದು ಮಾಡಿ ಮುಗಿಸೋಣ ಅನ್ನಿಸುತ್ತೆ, ಆದರೆ ದೊಡ್ಡ ಉಂಡೆ ಇದ್ದರೆ ಚಾಕು ಅದನ್ನು ಎಳೆದು ಗೋಡೆಯನ್ನೂ ಕಿತ್ತುಕೊಂಡು ಬರುತ್ತೆ.

ರಾಗು ಒಂದೇ ಪಾತ್ರೆಯಲ್ಲಿ, ಬಳಕೆ ಎರಡು ಥರ. ಮೇಲಿನ ತಿಳಿಯನ್ನು ಸಾರಿನ ಜೊತೆ ಅನ್ನಕ್ಕೆ. ಕೆಳಗಿನ ಗಟ್ಟಿಯನ್ನು ಹೂರಣಕ್ಕೆ. ಒಂದಿಷ್ಟು ಬಡಿಸುವಾಗ ಪಕ್ಕಕ್ಕೆ.

ಈಸ್ಟರ್ ಭಾನುವಾರ

500 ಗ್ರಾಂ ರೋಮಾ ಅಕ್ಕಿ, 3 ಮೊಟ್ಟೆ, 100 ಗ್ರಾಂ ಪಾರ್ಮಿಜಾನೋ. ಅಕ್ಕಿಯನ್ನು ಮುಕ್ಕಾಲು ಮಾತ್ರ ಬೇಯಿಸಿ ಇಳಿಸಿದೆ, ಉಳಿದ ಕಾಲು ಓವನ್ ನೋಡಿಕೊಳ್ಳುತ್ತೆ. 22 ಸೆಂಟಿಮೀಟರ್ ಅಗಲದ ಅಚ್ಚು. ಗೋಡೆ ಎರಡು ಬೆರಳು ದಪ್ಪ, ಒದ್ದೆ ಚಮಚದ ಬೆನ್ನಿನಿಂದ ಒತ್ತಿದ್ದು. ತಳ ಮತ್ತು ಗೋಡೆ ಸೇರುವ ಮೂಲೆಗೆ ಒಂದು ಸುತ್ತು ಜಾಸ್ತಿ ಒತ್ತಿದೆ. ಮಗುಚಿದ ಮೇಲೆ ಅದೇ ಭುಜ ಆಗುತ್ತೆ, ಮೊದಲು ಜಾರುವುದೂ ಅಲ್ಲೇ. 180 ಡಿಗ್ರಿಯಲ್ಲಿ 50 ನಿಮಿಷ.

ಓವನ್‌ನಿಂದ ತೆಗೆದ ಮೇಲೆ 20 ನಿಮಿಷ ಮುಟ್ಟಬಾರದು. ಇದೇ ಕಷ್ಟದ ಭಾಗ, ಮನೆಯಲ್ಲೆಲ್ಲ ಘಮ ಹರಡಿರುತ್ತೆ. ಒಳಗಿನ ಚೀಸ್ ಇನ್ನೂ ಹರಿಯುತ್ತಿರುತ್ತೆ, ಅದು ಹದಕ್ಕೆ ಬರಬೇಕು. ಆಮೇಲೆ ತೆಳು ಚಾಕುವನ್ನು ಅಂಚಿನ ಸುತ್ತ ಒಂದೇ ಸಲ ಆಡಿಸಿ, ತಟ್ಟೆ ಮುಚ್ಚಿ ಮಗುಚಿದೆ. ಅಚ್ಚು ಹಾಗೇ ಕೂತಿತ್ತು. ಎತ್ತಲಿಲ್ಲ. ಮೇಲೆ ಎರಡು ಸಲ ತಟ್ಟಿ ಕಾದೆ. ಒಳಗಿನಿಂದ ಮೆತ್ತಗೆ "ಥಪ್" ಅಂತು. ಆಗ ಎತ್ತಿದೆ. ಕೆಂಪಗೆ, ಅಂಚು ಕಂದಾಗಿ, ಒಂದು ಕಡೆ ಕೂದಲೆಳೆಯಷ್ಟು ಬಿರುಕು ಬಿಟ್ಟರೆ ಇಡಿಯಾಗಿ ಬಂದಿತ್ತು. ಮೊದಲ ಹೋಳು ತೆಗೆದಾಗ ಕೆಲವು ಉಂಡೆ ಉರುಳಿದವು, ಗೋಡೆ ಅಲ್ಲಾಡಲಿಲ್ಲ.

ಕೆಳಗಿನ ಅಜ್ಜಿ ಎರಡು ಹೋಳು ತಿಂದು ತೀರ್ಪು ಕೊಟ್ಟರು: "ಬಟಾಣಿ ಜಾಸ್ತಿ ಆಯ್ತು." ಬೇರೇನೂ ಹೇಳಲಿಲ್ಲ. ಉಳಿದ ಹೋಳನ್ನು ಮರುದಿನ ಕಾವಲಿಯಲ್ಲಿ ಎರಡೂ ಕಡೆ ಕೆಂಪಗೆ ಸುಟ್ಟು ತಿಂದೆವು. ಹಬ್ಬದ ದಿನಕ್ಕಿಂತ ಅದೇ ರುಚಿ ಅಂತ ನನ್ನ ಗಂಡನ ವಾದ. ನನಗೂ ಹೌದು ಅನ್ನಿಸಿತು, ಹೇಳಲಿಲ್ಲ.

ಜೂನ್

ಮುಂದಿನದು ಬೊಂಬಾ ದಿ ರೀಸೊ. ಪಾರ್ಮಾ, ಪಿಯಾಚೆಂಜಾ ಕಡೆಯದು. ಗುಮ್ಮಟದ ಆಕಾರ, ಟೊಮ್ಯಾಟೊ ಬಣ್ಣವಿಲ್ಲದ ಬೆಣ್ಣೆಯ ಅನ್ನ, ಒಳಗೆ ನಿಧಾನವಾಗಿ ಬೇಯಿಸಿ ಮೂಳೆ ಬಿಡಿಸಿದ ಪಾರಿವಾಳದ ಮಾಂಸ. ಗುಮ್ಮಟಕ್ಕೆ ನೆಟ್ಟಗಿನ ಗೋಡೆ ಇಲ್ಲದ್ದರಿಂದ ಭಾರವೆಲ್ಲ ಸುತ್ತ ಹಂಚಿಹೋಗುತ್ತೆ, ಸಾರ್ತುಗಿಂತ ಸುಲಭವೇ ಇರಬೇಕು. ಕೋಳಿ ತೊಡೆಯಲ್ಲಿ ಒಮ್ಮೆ ಮಾಡಿದ್ದು ಚೆನ್ನಾಗೇ ನಿಂತಿತು, ಆದರೆ ಕೋಳಿಯ ರಸಕ್ಕೆ ಅಷ್ಟೊಂದು ಬೆಣ್ಣೆ ಅನ್ನವನ್ನು ಎಳೆಯುವ ಕಸುವಿಲ್ಲ. ಪಾರಿವಾಳಕ್ಕೆ ಮಾಂಸದಂಗಡಿಯಲ್ಲಿ ಹೇಳಿಟ್ಟಿದ್ದೇನೆ. ಆಗಸ್ಟ್ ಬಂದರೆ ಮಿಲಾನ್‌ನಲ್ಲಿ ಅರ್ಧ ಅಂಗಡಿಗಳ ಬಾಗಿಲು ಮುಚ್ಚಿರುತ್ತೆ, ಹಾಗಾಗಿ ಜುಲೈ ಒಳಗೇ ಮಾಡಿ ಮುಗಿಸಬೇಕು. ಹದಿನೆಂಟು ಸೆಂಟಿಮೀಟರಿನ ದುಂಡು ತಳದ ಸ್ಟೀಲ್ ಬಟ್ಟಲು ಸಿಕ್ಕಿದೆ. ತುಪ್ಪ ಕಾಯಿಸಬೇಕು.