ಕಕಾನಿನ್ ಲಾಗ್: ಬಿಕೊ ಹದಕ್ಕೆ ಬಂತು, ಕುಚಿಂತಾ ಇನ್ನೂ ಬಾಕಿ

ಕಕಾನಿನ್ ಅಂದರೆ ಫಿಲಿಪೀನ್ಸಿನ ಅಕ್ಕಿ ತಿಂಡಿಗಳು; ಮನಿಲಾದಲ್ಲಿ ಪರಿಚಯದವರು ಮನೆಯಲ್ಲೇ ಮಾಡಿ ಫೇಸ್‌ಬುಕ್ಕಲ್ಲಿ ಮಾರುತ್ತಾರೆ. ಹಿಂದಿನ ದಿನ ಮೆಸೆಂಜರಲ್ಲಿ ಹೇಳಿಟ್ಟು ಜಿಕ್ಯಾಶ್ ಅನ್ನುವ ಮೊಬೈಲ್ ಪಾವತಿ ಆ್ಯಪಲ್ಲಿ ದುಡ್ಡು ಹಾಕಿದರೆ, ಬಾಳೆಲೆ ಹಾಸಿದ ಬಿಲಾವೊದಲ್ಲಿ ಬರುತ್ತೆ. ಬಿಲಾವೊ ಅಂದರೆ ದುಂಡನೆಯ ಬಿದಿರಿನ ಮೊರ. 12 ಇಂಚಿನದು ತರಿಸಿದರೆ ಒಂದೇ ಹೊತ್ತಿಗೆ ಮುಗಿಯೋದಿಲ್ಲ, ತಲೆನೋವು ಶುರುವಾಗೋದೇ ಅಲ್ಲಿ.

ಬಿಕೊ: ಅಂಟಕ್ಕಿ, ಕಾಯಿಹಾಲು, ಕಂದು ಸಕ್ಕರೆ, ಮೇಲೆ ಲಾತಿಕ್ (ಕಾಯಿಹಾಲು ಕಾಯಿಸಿ ಕೆಂಪಗೆ ಮಾಡಿದ ಗಸಿ). ಉಳಿದದ್ದನ್ನು ಫ್ರಿಜ್‌ನಲ್ಲಿ ಇಡಬೇಡಿ. 4 ಡಿಗ್ರಿ ಆಸುಪಾಸಿನಲ್ಲಿ ಬೆಂದ ಪಿಷ್ಟ ಬೇಗ ಬಿಗಿಯುತ್ತೆ. ಬೆಳಗ್ಗೆ ಚಾಕು ಹಾಕಿದರೆ ಕಾಳು ಕಾಳಾಗಿ ಉದುರುತ್ತೆ. ಹೊರಗಿಟ್ಟರೆ ಆ ಊರಿನ ಸೆಕೆಗೆ ಕಾಯಿಹಾಲು ಹಳಸುತ್ತೆ. ಸದ್ಯ ಖಚಿತವಾಗಿರುವ ಕ್ರಮ ಇದು: ಬಂದ ಕೂಡಲೇ ಮುಚ್ಚಳ ತೆಗೆದು ಬಿಸಿ ಆರಲು ಬಿಡಿ, ಇಲ್ಲದಿದ್ದರೆ ಹಬೆ ನೀರಾಗಿ ಮೇಲ್ಮೈ ಜಿಗುಟಾಗುತ್ತೆ. ಆವತ್ತು ತಿನ್ನುವಷ್ಟನ್ನು ಬಿಟ್ಟು ಮಿಕ್ಕಿದ್ದನ್ನು ಎರಡು ಬೆರಳಗಲದ ತುಂಡು ಮಾಡಿ, ಒಂದೊಂದನ್ನೂ ಬಿಗಿಯಾಗಿ ಸುತ್ತಿ, ಸೀದಾ ಫ್ರೀಜರಿಗೆ. ಬೇಕಾದಾಗ ಕರಗಿಸದೆ ಹಾಗೇ 10–12 ನಿಮಿಷ ಹಬೆಯಲ್ಲಿಡಿ. ಒಣಗಿದೆ ಅನಿಸಿದರೆ ಒಂದು ಚಮಚ ಕಾಯಿಹಾಲು ಸವರಿ. ಮೈಕ್ರೋವೇವ್ ಆದರೆ ಒದ್ದೆ ಬಾಳೆಲೆ ಮುಚ್ಚಿ 40 ಸೆಕೆಂಡು. ಜಾಸ್ತಿಯಾದರೆ ಅಂಚು ರಬ್ಬರು.

ಲಾತಿಕ್ ಫ್ರೀಜರಲ್ಲಿ ಮೆತ್ತಗಾಗುತ್ತೆ, ಅದನ್ನು ಹೊಸದಾಗಿ ಮಾಡಿಕೊಳ್ಳೋದೇ ವಾಸಿ. ಎರಡು ಕಪ್ ಗಟ್ಟಿ ಕಾಯಿಹಾಲನ್ನು ಸಣ್ಣ ಉರಿಯಲ್ಲಿ ಅರ್ಧ ಗಂಟೆಗೂ ಮೇಲೆ ಕಾಯಿಸಿದರೆ ಎಣ್ಣೆ ಬಿಟ್ಟು, ಗಸಿ ತಳದಲ್ಲಿ ಕೆಂಪಗಾಗುತ್ತೆ. ಹೊಂಬಣ್ಣಕ್ಕೆ ಬಂದಾಗಲೇ ಸೋಸಿ. ಬೇಕಾದ ಬಣ್ಣ ಬರಲಿ ಅಂತ ಕಾದರೆ ಎಣ್ಣೆಯ ಬಿಸಿಗೇ ಕಹಿಯಾಗುತ್ತೆ. ಗೋಂದು ಬೆರೆಸಿದ ಡಬ್ಬಿ ಹಾಲು ಸರಿಯಾಗಿ ಒಡೆಯೋದೇ ಇಲ್ಲ. ಕಾಯಿ ತುರಿದು ಹಿಂಡಿದ ಮೊದಲ ಹಾಲೇ ಆಗಬೇಕು.

ಸಣ್ಣ ಅಚ್ಚುಗಳಲ್ಲಿ ಹಬೆಗಿಟ್ಟು ಮಾಡುವ, ಪುಟಿಯುವಂಥ ತಿಂಡಿ ಕುಚಿಂತಾ; ಅದು ಇನ್ನೂ ಪೂರ್ತಿ ಕೈಗೆ ಸಿಕ್ಕಿಲ್ಲ. ಈಗಿನ ಅಳತೆ: ಮರಗೆಣಸಿನ ಪಿಷ್ಟ 1 ಕಪ್, ಮೈದಾ ಅರ್ಧ, ಕಂದು ಸಕ್ಕರೆ 1, ನೀರು 2, ಲಿಹಿಯಾ 1 ಟೀ ಚಮಚ, ಬಣ್ಣಕ್ಕೆ ಅತ್ಸುಯೆತೆ ಅನ್ನುವ ಕೆಂಪು ಬೀಜ. ಲಿಹಿಯಾ ಅಡುಗೆಗೆಂದೇ ಸಿಗುವ ಕ್ಷಾರದ ನೀರು; ಕಡಿಮೆಯಾದರೆ ಪುಟಿಯೋದಿಲ್ಲ, ಹೆಚ್ಚಾದರೆ ಸಾಬೂನಿನ ರುಚಿ. ಪಿಷ್ಟ ತಳಕ್ಕೆ ಇಳಿಯುವುದರಿಂದ ಪ್ರತಿ ಅಚ್ಚಿಗೆ ಹುಯ್ಯುವ ಮುಂಚೆಯೂ ಕದಡಬೇಕು. ಮರೆತರೆ ಮೊದಲ ಅಚ್ಚು ನೀರು, ಕೊನೆಯದು ಕಲ್ಲು. ಮುಚ್ಚಳಕ್ಕೆ ಬಟ್ಟೆ ಕಟ್ಟಿ, ಹನಿ ಬಿದ್ದರೆ ಮೇಲ್ಮೈ ಹಾಳು. ಸುಮಾರು 40 ನಿಮಿಷ ಬೆಂದ ಮೇಲೆ ಪೂರ್ತಿ ಆರಿಸಿಯೇ ಅಚ್ಚಿನಿಂದ ಬಿಡಿಸಬೇಕು. ಮಾರುವವರದ್ದರಲ್ಲಿ ನಡುವೆ ಸಣ್ಣ ಗುಳಿ ಬೀಳುತ್ತೆ, ಇದರಲ್ಲಿ ಇನ್ನೂ ಬಿದ್ದಿಲ್ಲ. ಮುಂದಿನ ಸಲ ಅಳತೆ ಮುಟ್ಟದೆ ಉರಿ ಮಾತ್ರ ಬದಲಿಸಿ ನೋಡೋದು.

ಸಸ್ಯಾಹಾರಿಗಳು ಆರ್ಡರಿಗೆ ಮುಂಚೆ ಕೇಳಿಕೊಳ್ಳಿ: ಹಬೆಯಲ್ಲಿ ಬೇಯಿಸುವ ಅಕ್ಕಿ ಕೇಕ್ ಪುತೊಗೆ ಬಹಳ ಮಂದಿ ಮೊಟ್ಟೆ ಹಾಕುತ್ತಾರೆ, ಕಸ್ಟರ್ಡಿನಂಥ ಸಿಹಿ ಲೆಚೆ ಫ್ಲಾನಲ್ಲಂತೂ ಮೊಟ್ಟೆಯ ಹಳದಿಯೇ ತುಂಬಿರುತ್ತೆ. ಇನ್ನು ಲಾತಿಕ್ ಫ್ರೀಜರಲ್ಲಿ ಮೆತ್ತಗಾಗೋದು ಬೇಡ ಅಂದರೆ, ಬಿಕೊ ಹೇಳುವಾಗ ಅದನ್ನು ಬೇರೆ ಡಬ್ಬಿಯಲ್ಲಿ ಕಳಿಸಿ ಅಂತ ಕೇಳಿ, ಬಹುತೇಕರು ಒಪ್ಪುತ್ತಾರೆ.