ಒಂದೇ ರಾತ್ರಿ, ಎರಡು ಪುಟ

ನನ್ನ ಹಳೇ ನೋಟ್‌ಬುಕ್ಕಿನಲ್ಲಿ ಒಂದು ಪುಟ ಇದೆ. "ಅವರು ಬಂದವರೇ ಬೆನ್ನು ತಿರುಗಿಸಿ ಮಲಗಿದರು. ನಾನು ಬೇಡವಾಗಿದ್ದೇನೆ ಅನ್ನಿಸಿತು. ಅಳು ಬಂತು. ಮಾತಾಡಲಿಲ್ಲ."

ಅದೇ ರಾತ್ರಿಯ ಬಗ್ಗೆ ನನ್ನವರು ಬರೆದದ್ದು: "ಅವಳು ಮಾತಾಡಲಿಲ್ಲ. ಕೋಪ ಇರಬೇಕು, ಮುಟ್ಟಿದರೆ ಸಿಡುಕುತ್ತಾಳೆ ಅನ್ನಿಸಿತು. ಭಯವಾಯಿತು. ತಿರುಗಿ ಮಲಗಿದೆ."

ಕೌನ್ಸೆಲರ್ ಎದುರು ಕೂತು ಒಬ್ಬರ ಪುಟ ಇನ್ನೊಬ್ಬರು ಓದಿದೆವು. ಮದುವೆಯಾಗಿ 11 ವರ್ಷವಾಗಿತ್ತು. ಇಷ್ಟು ವರ್ಷ ಪಕ್ಕದಲ್ಲೇ ಮಲಗಿದವರಿಗೆ ನನ್ನನ್ನು ಕಂಡರೆ ಭಯ ಅಂತ ನನಗೆ ಗೊತ್ತೇ ಇರಲಿಲ್ಲ.

ನಾವು ಹೋಗಿದ್ದು ಸಿಬಿಟಿ, ಅಂದರೆ ಕಾಗ್ನಿಟಿವ್ ಬಿಹೇವಿಯರಲ್ ಥೆರಪಿಗೆ. ಯೋಚನೆ, ನಡವಳಿಕೆಗಳನ್ನು ಗಮನಿಸಿ ಬದಲಿಸಿಕೊಳ್ಳುವ ಮಾತಿನ ಚಿಕಿತ್ಸೆ ಅದು. 1960ರ ದಶಕದಲ್ಲಿ ಆರನ್ ಬೆಕ್ ಎಂಬ ಮನೋವೈದ್ಯರು ಖಿನ್ನತೆ ಇರುವವರಿಗಾಗಿ ರೂಪಿಸಿದ ದಾರಿ ಇದರ ಒಂದು ಮೂಲ. ಆದದ್ದಕ್ಕೂ ನಮಗೆ ಆಗುವ ನೋವಿಗೂ ನಡುವೆ ಒಂದು ಯೋಚನೆ ಸರಕ್ಕನೆ ಹಾದುಹೋಗುತ್ತದೆ. ಅದು ಎಷ್ಟು ಬೇಗ ಬರುತ್ತದೆ ಅಂದರೆ, ಅದನ್ನೇ ನಿಜ ಅಂದುಕೊಂಡುಬಿಡುತ್ತೇವೆ. ಗಂಡ ಹೆಂಡತಿ ಇಬ್ಬರೂ ಹೀಗೆ ಅಂದುಕೊಂಡರೆ ಒಬ್ಬರ ಊಹೆಗೆ ಇನ್ನೊಬ್ಬರೇ ಸಾಕ್ಷಿ ಒದಗಿಸುತ್ತಾ ಹೋಗುತ್ತೇವೆ. ಅವರು ತಿರುಗಿದ್ದಕ್ಕೆ ನಾನು ಸುಮ್ಮನಾದೆ, ನಾನು ಸುಮ್ಮನಾಗಿದ್ದಕ್ಕೆ ಅವರು ತಿರುಗಿದರು. ಯಾವುದು ಮೊದಲು ಅಂತ ಹುಡುಕುವುದನ್ನು ನಾವು ಬಿಟ್ಟೆವು.

ಬರೆಯುವುದಕ್ಕೆ ನಾಲ್ಕು ಕಾಲಂ ಇದ್ದವು. ಏನಾಯಿತು, ಏನು ಅನ್ನಿಸಿತು, ಮನಸ್ಸಿಗೆ ಏನಾಯಿತು, ಏನು ಮಾಡಿದೆ. ಆಮೇಲೆ ಐದನೆಯದು ಸೇರಿತು: ಬೇರೆ ಏನು ಕಾರಣ ಇರಬಹುದು? ನನಗೆ ಅತಿ ಕಷ್ಟವಾಗಿದ್ದು ಇದೇ. ಎಷ್ಟೋ ದಿನ ಖಾಲಿ ಬಿಟ್ಟಿದ್ದೇನೆ.

ಅದಕ್ಕಿಂತ ಆಳದಲ್ಲಿ ಇನ್ನೊಂದು ಇತ್ತು. 'ಪ್ರೀತಿ ಇದ್ದರೆ ಹೇಳದೆಯೇ ಗೊತ್ತಾಗಬೇಕು' ಅನ್ನುವ ನನ್ನ ನಂಬಿಕೆ. ಡೊನಾಲ್ಡ್ ಬೌಕಮ್, ನಾರ್ಮನ್ ಎಪ್‌ಸ್ಟೀನ್ ಎಂಬ ಇಬ್ಬರು ತಜ್ಞರು ದಂಪತಿಗಳ ಯೋಚನೆಗಳನ್ನು ಐದು ಬಗೆಯಾಗಿ ವಿಂಗಡಿಸಿದ್ದಾರೆ. ಸಂಬಂಧ ಹೀಗೇ ಇರಬೇಕು ಅನ್ನುವ ಅಳತೆಗೋಲು ಅದರಲ್ಲೊಂದು. ನನ್ನ ಅಳತೆಗೋಲಿನ ಬಗ್ಗೆ ನಾನು ನನ್ನವರಿಗೆ ಒಂದು ದಿನವೂ ಹೇಳಿರಲಿಲ್ಲ. ಆದರೂ ಅದರಲ್ಲೇ ಅವರನ್ನು ದಿನಾ ಅಳೆಯುತ್ತಿದ್ದೆ.

ಕೇಳಿಕೊಳ್ಳುವುದನ್ನೂ ಕಲಿಯಬೇಕಾಯಿತು. 'ಇನ್ನೂ ಪ್ರೀತಿಯಿಂದ ಇರಬೇಕು' ಅಂತ ಬರೆದುಕೊಂಡು ಹೋಗಿದ್ದೆ. "ಇದನ್ನು ಕ್ಯಾಮೆರಾದಲ್ಲಿ ಹಿಡಿಯೋಕೆ ಆಗುತ್ತಾ?" ಅಂತ ಕೌನ್ಸೆಲರ್ ಕೇಳಿದರು. ಆಗೋದಿಲ್ಲ ಅಲ್ವಾ? ಹೊಡೆದು ಹಾಕಿ, 'ಹೊರಡುವಾಗ ಒಂದು ಸಲ ಭುಜ ಮುಟ್ಟಿ' ಅಂತ ಬರೆದೆ. ಮಾರನೇ ದಿನವೇ ಮುಟ್ಟಿದರು. ಹೇಳಿಸಿಕೊಂಡು ಮಾಡಿದ್ದಕ್ಕೆ ಬೆಲೆ ಇಲ್ಲ ಅಂದುಕೊಂಡಿದ್ದವಳಿಗೆ ಆ ಕೈ ಬೆಚ್ಚಗೇ ಇತ್ತು.

ಹಾಸಿಗೆಯ ವಿಷಯಕ್ಕೆ ಬೇರೆ ಅಭ್ಯಾಸ ಕೊಟ್ಟರು. ಲೈಂಗಿಕತೆಯ ಬಗ್ಗೆ ಸಂಶೋಧನೆ ಮಾಡಿದ ಮಾಸ್ಟರ್ಸ್ ಮತ್ತು ಜಾನ್ಸನ್ ಎಂಬ ಇಬ್ಬರು 1970ರಲ್ಲಿ ಬರೆದಿಟ್ಟ ವಿಧಾನ ಅದು. ಸುಮ್ನೆ ಮುಟ್ಟುವುದು, ಸರದಿಯಂತೆ. ಮೊದಲಿಗೆ ಕೈ, ಬೆನ್ನು ಅಷ್ಟೇ. ಲೈಂಗಿಕ ಕ್ರಿಯೆ ಸದ್ಯಕ್ಕೆ ಬೇಡ ಅಂತ ಮೊದಲೇ ಒಪ್ಪಂದ. ಮುಂದೇನು ಅನ್ನುವ ಆತಂಕ ಇಲ್ಲದಿದ್ದರೆ ಮೈ ಎಷ್ಟು ಹಗುರಾಗುತ್ತದೆ ಅಂತ ಆವತ್ತು ಗೊತ್ತಾಯಿತು.

ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳಬೇಕು. ಹೊಡೆತ, ಬೆದರಿಕೆ ಇರುವ ಮನೆಗೆ ಇದು ದಾರಿಯಲ್ಲ. ಅಲ್ಲಿ ಭಯ ಬರೀ ಯೋಚನೆಯ ತಪ್ಪಲ್ಲ. ಮೊದಲು ಸುರಕ್ಷಿತವಾಗಿರುವುದು ಮುಖ್ಯ.

ಮೊನ್ನೆ ರಾತ್ರಿಯೂ ಇವರು ಬೆನ್ನು ತಿರುಗಿಸಿ ಮಲಗಿದರು. ಅದೇ ಹಳೇ ಯೋಚನೆ ಬಂತು, ಅಷ್ಟೇ ಬೇಗ.

"ರೀ, ಬೇಜಾರಾ?" ಅಂತ ಕೇಳಿದೆ.

"ಇಲ್ಲ, ಆ ಕಡೆ ಭುಜ ನೋಯ್ತಿದೆ," ಅಂದರು. ಎದ್ದು ಆ ಬದಿಗೆ ಹೋಗಿ ಮಲಗಿದೆ.